ನೀವು ಅಳಿಸಿಹಾಕಿದ ನಮ್ಮ ಹುಡುಗರ ಹಂಗಾಮು

ಜೂನಿಯರ್ ಐಸ್ ಹಾಕಿ ಲೀಗಿನ ಮಾನ್ಯ ಆಯುಕ್ತರೇ,

ಹದಿನೇಳು ವರ್ಷದ ಹುಡುಗನೊಬ್ಬನ ತಲೆಗೆ ಪೆಟ್ಟು ಬಿದ್ದು ಅವನ ಬದುಕೇ ಅಡಿಮೇಲಾಯಿತು. ಹಿಂದಿನಿಂದ ಬಂದು ಗುದ್ದಿದವನಿಗೆ ನೀವು ಕೊಟ್ಟ ಶಿಕ್ಷೆ ಎರಡು ನಿಮಿಷ ಹೊರಗೆ ಕೂರುವುದು. ಅವನಿಗಾಗಿ ಒಂದು ಪಂದ್ಯ ಆಡಲು ಒಲ್ಲೆವೆಂದ ಗೆಳೆಯರಿಗೆ ಕೊಟ್ಟ ಶಿಕ್ಷೆ, ಅವರು ಗೆದ್ದ ಪಂದ್ಯಗಳನ್ನೆಲ್ಲ ದಾಖಲೆಯಿಂದಲೇ ಒರೆಸಿಹಾಕುವುದು. ಇಂಥ ತಕ್ಕಡಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ನಿಮ್ಮ ಕಚೇರಿಗೆ ಬರೆದಾಗಲೆಲ್ಲ ‘ವಿಷಯ ಮುಕ್ತಾಯಗೊಂಡಿದೆ’ ಎಂಬ ಒಂದೇ ಸಾಲು ಮರಳಿ ಬಂದದ್ದರಿಂದ ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನಮಗಿನ್ನೂ ಅದು ಮುಕ್ತಾಯವಾಗಿಲ್ಲ.

ನಾನು ಆಸ್ಪೆನ್ ಬೆಂಡ್ ಊರಿನಲ್ಲಿ ಶಾಲೆಯ ಬಸ್ಸು ಓಡಿಸುವವಳು. ನಮ್ಮ ತಂಡಕ್ಕೆ ಆಡಲು ದೂರದಿಂದ ಬರುವ ಹುಡುಗರನ್ನು ನಾನೂ ನನ್ನ ಗಂಡ ಒರೆಸ್ಟ್‌ನೂ ಪ್ರತಿ ಚಳಿಗಾಲ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ. ಕಳೆದ ಶರತ್ಕಾಲದಲ್ಲಿ ಬಂದವನು ರೀಸ್ ಲಾರೋಕ್. ಉತ್ತರದ ಸರೋವರದ ದಂಡೆಯ ಹಳ್ಳಿಯವನು. ಒಂದು ಕೈಯಲ್ಲಿ ಹಾಕಿ ಚೀಲ, ಇನ್ನೊಂದರಲ್ಲಿ ಅವನ ಅಜ್ಜಿ ಫ್ಲೋರೆಸ್ಟೀನ್ ನಮಗೆಂದು ಕಟ್ಟಿಕೊಟ್ಟ ಹೊಗೆಯಾಡಿಸಿದ ಮೀನು. ಹೆತ್ತವರಿಲ್ಲದ ಅವನನ್ನು ಸಾಕಿದವಳು ಆಕೆಯೇ. ಅವನ ಬಾಯಲ್ಲಿ ಆಕೆ ‘ಕೋಕಮ್’, ಅವರ ಭಾಷೆಯಲ್ಲಿ ಅಜ್ಜಿ. ಮೊದಲ ವಾರ ಅವನು ನೆಲ ನೋಡಿಕೊಂಡೇ ಮಾತಾಡಿದ. ಆಮೇಲೊಂದು ದಿನ ನಾನು ಮಾಡಿದ ಪೆರೋಗಿ ಕಡುಬಿನ ಮೇಲೆ ಧಾರಾಳವಾಗಿ ಟೊಮೇಟೊ ಕೆಚಪ್ ಸುರಿದುಕೊಂಡ. ಒರೆಸ್ಟ್ ಹೌಹಾರಿ, “ನಮ್ಮಮ್ಮ ಇದ್ದಿದ್ರೆ ನಿನ್ನ ತಟ್ಟೆ ಸಮೇತ ಹಿಮಕ್ಕೆ ಎಸೀತಿದ್ಲು ಕಣೋ” ಅಂದ. “ಪುಣ್ಯಕ್ಕೆ ನಾನು ತಡವಾಗಿ ಬಂದೆ ಬಿಡಿ ಅಂಕಲ್” ಎಂದು ಹುಡುಗ ಇನ್ನಷ್ಟು ಸುರಿದುಕೊಂಡ. ಅಂದಿನಿಂದ ಅವನು ನಮ್ಮ ಮನೆಯವನಾದ.

ವರ್ಷಗಟ್ಟಲೆ ಪಟ್ಟಿಯ ತಳದಲ್ಲಿ ಬಿದ್ದಿದ್ದ ತಂಡ ನಮ್ಮದು. ಈ ಸಲ ಕ್ರಿಸ್‌ಮಸ್ ಹೊತ್ತಿಗೆ ಮೂರನೇ ಸ್ಥಾನಕ್ಕೆ ಬಂದಿತ್ತು. ಗೋಧಿ ಬೆಲೆ ಬಿಟ್ಟು ಬೇರೆ ಮಾತಿಲ್ಲದ ಮಂದಿ ರೀಸ್‌ನ ವೇಗದ ಬಗ್ಗೆ ವಾದಿಸತೊಡಗಿದರು. ಮೈನಸ್ ಮೂವತ್ತೈದರ ಚಳಿಯಲ್ಲಿ ಮಂಜುಗಡ್ಡೆಯ ಅಂಕಣದ, ಅಂದರೆ ರಿಂಕಿನ, ಬಾಗಿಲಲ್ಲಿ ಜನ ಸಾಲು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಈ ಎಲ್ಲ ಸಂತೋಷ ನಿಮ್ಮ ಲೆಕ್ಕದಲ್ಲಿ ಈಗ ಸೊನ್ನೆ.

ನವೆಂಬರಿನಲ್ಲಿ ರೀಸ್‌ನ ತಲೆಗೆ ಒಂದು ಪೆಟ್ಟು ಬಿತ್ತು. ಜನವರಿಯಲ್ಲಿ ಮತ್ತೊಂದು. ಎರಡನೆಯ ಸಲ ಅವನು ಮೂರು ದಿನ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗಿದ. ನಮ್ಮೂರಿನ ಡಾಕ್ಟರ್ ಅಡೆಬಾಯೊ ಪರೀಕ್ಷಿಸಿ, ಈ ಚಳಿಗಾಲದಲ್ಲಿ ಇವನು ಮತ್ತೆ ಮಂಜಿಗೆ ಇಳಿಯಕೂಡದೆಂದು ಖಡಾಖಂಡಿತ ಹೇಳಿದರು. ಆದರೆ ನಿಮ್ಮ ನಿಯಮದಲ್ಲಿ ಊರಿನ ಡಾಕ್ಟರು ಡಾಕ್ಟರೇ ಅಲ್ಲವಂತೆ. ಲೀಗ್ ನೇಮಿಸಿದ ವೈದ್ಯರ ಮಾತೇ ಕೊನೆಯದಂತೆ. ಆ ಮಹನೀಯರು ಇನ್ನೂರು ಮೈಲಿ ದೂರದಿಂದ ಫೋನಿನಲ್ಲೇ ಹುಡುಗನ ತಲೆಯೊಳಗನ್ನು ನೋಡಿಬಿಟ್ಟರು. ತಲೆನೋವಿದೆಯಾ ಎಂದು ಕೇಳಿದರು, ಇಲ್ಲ ಎಂದ, ಮುಗಿಯಿತು. ಪ್ಲೇಆಫ್ ಕಣ್ಣೆದುರಿಗಿರುವಾಗ ಯಾವ ಹದಿನೇಳರ ಹುಡುಗ ಹೌದು ಅನ್ನುತ್ತಾನೆ, ಹೇಳಿ? ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ. “ನಿಜ ಹೇಳಿದ್ರೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ ಆಂಟಿ. ಜಾಗ ನನ್ನ ದಾರಿ ಕಾಯುತ್ತಾ?” ಅಂದ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಆಟಗಾರನಿಗೆ ಊಟ ಹಾಕುವವರಿಗೆ ಈ ವಿಷಯದಲ್ಲಿ ಮಾತಾಡುವ ಅಧಿಕಾರವಿಲ್ಲ ಎಂದರು. ಫ್ಲೋರೆಸ್ಟೀನ್ ಫೋನ್ ಮಾಡಿದರು. ಕಚೇರಿಯವರು ಆಟಗಾರನೇ ಒಪ್ಪಿದ್ದಾನಲ್ಲ ಎಂದರು. ಸಾಕಿದ ಅಜ್ಜಿಗೂ ಅಧಿಕಾರವಿಲ್ಲ, ಅನ್ನ ಹಾಕಿದವಳಿಗೂ ಇಲ್ಲ, ನಾಡಿ ಹಿಡಿದ ಡಾಕ್ಟರಿಗೂ ಇಲ್ಲ. ಹಾಗಾದರೆ ಆ ಮಗು ಯಾರ ಜವಾಬ್ದಾರಿಯಾಗಿತ್ತು, ಮಾನ್ಯರೇ?

ಪ್ಲೇಆಫ್‌ನ ಎರಡನೇ ಪಂದ್ಯ ಎದುರಾಳಿಗಳ ಊರಿನಲ್ಲಿ. ಫ್ಲೋರೆಸ್ಟೀನ್ ಇಡೀ ದಿನ ಪಯಣಿಸಿ ಬಂದು ನನ್ನ ಪಕ್ಕದಲ್ಲೇ ಕೂತಿದ್ದರು. ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಹಿಂಬಾಲಿಸಿ ಮೂಲೆಗೆ ಹೋದ ರೀಸ್‌ಗೆ ಬೆನ್ನ ಹಿಂದಿನಿಂದ ಒಬ್ಬ ಗುದ್ದಿದ. ಅಂಕಣದ ಗೋಡೆಗೆ ತಲೆ ಬಡಿದ ಸದ್ದು ಮೇಲಿನ ಸಾಲಿಗೂ ಕೇಳಿಸಿತು. ಅವನು ನಿಧಾನಕ್ಕೆ ಎದ್ದ. ಎದ್ದವನು ಜಾರುತ್ತ ಹೋಗಿ ಎದುರಾಳಿಗಳ ಬೆಂಚಿನಲ್ಲಿ ಕೂತ. ಕೆಲವರು ನಕ್ಕರು. ಎದುರಾಳಿ ತಂಡದ ಒಬ್ಬ ಹುಡುಗ ಮಾತ್ರ ನಗದೆ, ಮೊಣಕೈ ಹಿಡಿದು ಅವನನ್ನು ನಮ್ಮ ಬೆಂಚಿಗೆ ತಂದು ಬಿಟ್ಟ. ಆವತ್ತು ಆ ಕಟ್ಟಡದಲ್ಲಿ ದೊಡ್ಡವರಂತೆ ನಡೆದುಕೊಂಡವನು ಅವನೊಬ್ಬನೇ. ಎದ್ದು ನಿಂತ ಆಟಗಾರ ಆಡಬಲ್ಲ ಎನ್ನುತ್ತದಂತೆ ನಿಮ್ಮ ನಿಯಮ. ಕೋಚ್ ಕೊನೆಯ ಸುತ್ತಿಗೆ ಅವನನ್ನು ಮತ್ತೆ ಇಳಿಸಿದರು. ಸ್ವಲ್ಪ ಹೊತ್ತಿಗೆ, ಯಾರೂ ಮುಟ್ಟದೆಯೇ, ಅವನು ಮಂಜಿನ ನಡುವೆ ಕುಸಿದ. ಸ್ಟ್ರೆಚರಿನ ಮೇಲೆ ಅಜ್ಜಿಯ ಕೈ ಹಿಡಿದುಕೊಂಡೇ “ಕೋಕಮ್ ಬಂದ್ಲಾ?” ಎಂದು ಅಜ್ಜಿಯನ್ನೇ ಕೇಳಿದ. “ಬಂದಿದೀನಿ ಮಗಾ” ಅಂದರು ಆಕೆ. ಅವನು ಮತ್ತೆ ಕೇಳಿದ. ಆಕೆ ಮತ್ತೆ ಹೇಳಿದರು. ಆಸ್ಪತ್ರೆ ಮುಟ್ಟುವವರೆಗೂ ಇದೇ ನಡೆಯಿತು.

ಮುಂದಿನ ಪಂದ್ಯ ಅದೇ ತಂಡದ ಎದುರು, ನಮ್ಮೂರಲ್ಲಿ. ಹಿಂದಿನ ದಿನ ತಂಡದ ನಾಯಕ ಟೋರಿನ್ ಹಾಲ್ವರ್ಸನ್ ರೀಸ್‌ನ ಬಟ್ಟೆಗಳನ್ನು ಆಸ್ಪತ್ರೆಗೆ ಒಯ್ಯಲು ನಮ್ಮ ಮನೆಗೆ ಬಂದ. ಅವನಿಗೆ ಇಪ್ಪತ್ತು, ಜೂನಿಯರ್ ಆಟಕ್ಕೆ ಅದೇ ಕಡೆಯ ವರ್ಷ. ನಾಳೆ ಆಡುವುದಿಲ್ಲವೆಂದು ಹುಡುಗರೆಲ್ಲ ತೀರ್ಮಾನಿಸಿದ್ದಾರೆ ಎಂದ. ಅವನನ್ನು ಆಟಕ್ಕೆಂದೇ ಸೇರಿಸಿಕೊಳ್ಳಲು ಒಪ್ಪಿದ್ದ ವಿಶ್ವವಿದ್ಯಾಲಯದ ಗತಿ ಏನೆಂದು ಒರೆಸ್ಟ್ ಕೇಳಿದ. “ಹೋದ್ರೆ ಹೋಗ್ಲಿ ಅಂಕಲ್. ರೀಸ್ ಅವರ ಬೆಂಚಲ್ಲಿ ಕೂತಿದ್ದು ನನ್ನ ಕಣ್ಣಿಂದ ಹೋಗ್ತಾ ಇಲ್ಲ. ನಾನಾದ್ರೂ ಕೋಚ್‌ಗೆ ಬೇಡ ಅನ್ನಬೇಕಿತ್ತು.” ಒರೆಸ್ಟ್ ಅವನಿಗೆ ಕಾಫಿ ಬಗ್ಗಿಸಿ ಕೊಟ್ಟ.

ಹುಡುಗರು ರಿಂಕಿಗೆ ಇಳಿದರು, ಸಾಲಾಗಿ ನಿಂತರು, ಹೆಲ್ಮೆಟ್ ತೆಗೆದು ಮಂಜಿನ ಮೇಲಿಟ್ಟರು, ಹೊರಟುಹೋದರು. ಎದುರಾಳಿಗಳು ಕೋಲುಗಳನ್ನು ಮಂಜಿಗೆ ತಟ್ಟಿ ಅವರಿಗೆ ಗೌರವ ಕೊಟ್ಟರು. ನೀವು ಏನು ಕೊಟ್ಟಿರಿ? ‘ಕ್ರೀಡೆಯ ಘನತೆಗೆ ಕುಂದು’ ಎಂಬ ಹಣೆಪಟ್ಟಿ. ಇಡೀ ಹಂಗಾಮಿನ ಆಟ ದಾಖಲೆಯಿಂದ ರದ್ದು. ಟೋರಿನ್‌ಗೆ ಒಂದು ವರ್ಷದ ನಿಷೇಧ. ಅವನಿಗೆ ಇನ್ನೊಂದು ವರ್ಷ ಉಳಿದೇ ಇಲ್ಲವೆಂದು ಗೊತ್ತಿದ್ದೂ ವಿಧಿಸಿದ ಆ ಶಿಕ್ಷೆಯಿಂದ ವಿಶ್ವವಿದ್ಯಾಲಯ ಹಿಂದೆ ಸರಿಯಿತು. ಅವನೀಗ ಅಪ್ಪನ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದಾನೆ. ನಮ್ಮನ್ನು ಕಂಡರೆ ಕೈ ಎತ್ತುತ್ತಾನೆ, ನಿಲ್ಲಿಸುವುದಿಲ್ಲ.

ಜೂನ್‌ನಲ್ಲಿ ನಾವು ರೀಸ್‌ನ ಹಳ್ಳಿಗೆ ಹೋಗಿದ್ದೆವು. ಬಿಸಿಲಿಗೆ ಹೆದರಿ ಟೋಪಿಯ ಅಂಚನ್ನು ಕಣ್ಣಿನವರೆಗೆ ಎಳೆದುಕೊಂಡು ಕೂತಿದ್ದ. ಪುಟವೊಂದನ್ನು ಓದಲಾರ. ‘ಚಮಚ’ ಎಂಬ ಮಾತಿಗಾಗಿ ಹುಡುಕಿ ಹುಡುಕಿ ಕೊನೆಗೆ ಕೈ ಮಾಡಿ ತೋರಿಸಿದ. ಹೊರಡುವಾಗ ನನ್ನ ತೋಳು ಹಿಡಿದು, “ಆಂಟಿ, ಕೊನೇಗೆ ನಾವು ಗೆದ್ವಾ?” ಎಂದು ಕೇಳಿದ.

ಗೆದ್ದಿರಿ ಎಂದೆ. ಎಲ್ಲಾರೂ ಸೇರಿ ಗೆದ್ದಿರಿ ಎಂದೆ. ಅವನು ಸಮಾಧಾನದಿಂದ ತಲೆಯಾಡಿಸಿದ. ಫ್ಲೋರೆಸ್ಟೀನ್ ಎದ್ದು ಒಲೆಯ ಕಡೆ ತಿರುಗಿ ನಿಂತರು.

ಕಪ್ ಬೇಡ, ಪರಿಹಾರ ಬೇಡ. ಒಬ್ಬ ಡಾಕ್ಟರು ಬೇಡವೆಂದ ಮಗುವನ್ನು ಇನ್ನೊಬ್ಬರು ಫೋನಿನಲ್ಲಿ ಆಟಕ್ಕಿಳಿಸುವ ನಿಯಮವನ್ನು ಈ ಶರತ್ಕಾಲದ ಮೊದಲ ಪಂದ್ಯಕ್ಕೆ ಮುಂಚೆ ಕಿತ್ತುಹಾಕಿ. ಟೋರಿನ್‌ನ ಹೆಸರಿಗೆ ಅಂಟಿಸಿದ ಕಳಂಕ ಅಳಿಸಿ. ಹುಡುಗರ ಗೆಲುವುಗಳನ್ನು ಅವರಿಗೆ ಹಿಂತಿರುಗಿಸಿ. ಇದ್ಯಾವುದೂ ಆಗದೆಂದಾದರೆ, ಒಮ್ಮೆ ರೀಸ್‌ನ ಮನೆಗೆ ಬನ್ನಿ. ನೀವು ಯಾರೆಂದು ಅವನಿಗೆ ತಿಳಿಯದು, ಬೈಯುವುದಿಲ್ಲ. ನನ್ನನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತಾನೆ. ಆಗ ಅವನ ಮುಖ ನೋಡಿಕೊಂಡು, ಇಲ್ಲ ಮಗು, ನೀವು ಆಡಲೇ ಇಲ್ಲ ಎಂದು ನೀವೇ ಹೇಳಿ.

ಇಂತಿ,
ಮಾತಾಡುವ ಅಧಿಕಾರವಿಲ್ಲದ, ಬರೀ ಊಟ ಹಾಕುವ
ಮಾರ್ಲೀನ್ ಕೊಸ್ಟಿಯುಕ್
ಆಸ್ಪೆನ್ ಬೆಂಡ್