ಮಸ್ಕತ್ತಿಗೆ ನಾನೇ ಕಳಿಸಿದ ಹುಮಾಗೆ

ಪ್ರೀತಿಯ ಹುಮಾ,

ನಿನ್ನ ಮುಖ ನೋಡಿ ಒಂದು ವರ್ಷ ನಾಲ್ಕು ತಿಂಗಳಾಯಿತು. ಹರಿಹರಕ್ಕೆ ಹೋದಾಗಲೆಲ್ಲ ನಿಮ್ಮ ಓಣಿಯ ತಿರುವಿನಲ್ಲಿ ಕಾಲು ತಾನಾಗಿ ನಿಲ್ಲುತ್ತದೆ. ದಾವಣಗೆರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಖುಷಿಯಾಗುವುದಿಲ್ಲ. ಅದಕ್ಕಾಗಿ ಜಗಳ ಆಡಲು ನೀನಿಲ್ಲ.

ನಿನ್ನನ್ನು ಕಳಿಸಿದವಳು ನಾನೇ. ನಾನು ಕೆಲಸಕ್ಕಿದ್ದ ಏಜೆನ್ಸಿಯ ಬೋರ್ಡಿನ ಮೇಲೆ ‘ಸರ್ಕಾರದ ಮಾನ್ಯತೆ ಪಡೆದಿದೆ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಲೈಸೆನ್ಸ್ ಎಲ್ಲಿ ಎಂದು ನಾನೂ ಕೇಳಲಿಲ್ಲ, ಯಾವ ಅಧಿಕಾರಿಯೂ ಬಂದು ಕೇಳಲಿಲ್ಲ. ಮಸ್ಕತ್ತಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಇದೆ ಎಂದಾಗ, ನರ್ಸಿಂಗ್ ತರಬೇತಿ ಮುಗಿಸಿ ಮನೆಯಲ್ಲಿ ಕೂತಿದ್ದ ನೀನೇ ಮೊದಲು ನೆನಪಾದೆ. ಇಂಗ್ಲಿಷು, ಅರಬ್ಬಿಯಲ್ಲಿದ್ದ ಕರಾರಿಗೆ ಸಹಿ ಹಾಕುವಾಗ ನೀನು ಕೇಳಿದೆ: “ಲೇ ಅಂಕಿತಾ, ಇದರಾಗೆ ಏನ್ ಬರದೈತೆ?”

“ಎಲ್ಲಾ ಸರಿ ಐತೆ, ಹಾಕೇ,” ಅಂದೆ ನಾನು. ಓದಿರಲಿಲ್ಲ ಹುಮಾ.

ಮೂರನೇ ತಿಂಗಳು ನೀನು ಯಾರದೋ ಫೋನಿನಿಂದ ಮಾತಾಡಿದೆ. “ಇಲ್ಲಿ ಅಜ್ಜಿ ಯಾರೂ ಇಲ್ಲ. ಹನ್ನೊಂದು ಜನರ ಮನೆಗೆಲಸ. ಪಾಸ್‌ಪೋರ್ಟ್ ಕಸ್ಕೊಂಡಾರೆ. ಹೆಂಗಾದ್ರೂ ಕರೆಸ್ಕೊಳ್ಳೇ.” ನಾನು ಏಜೆನ್ಸಿ ಮಾಲೀಕರಿಗೆ ಹೇಳಿದೆ. “ಹೊಸದರಾಗೆ ಎಲ್ರೂ ಹಂಗೇ ಅಳ್ತಾರೆ. ಮತ್ತೆ ಫೋನ್ ಬಂದ್ರೆ ಎತ್ತಬ್ಯಾಡ,” ಎಂದರು. ಅದೇ ನಂಬರಿನಿಂದ ಇನ್ನೂ ಎರಡು ಸಲ ಬಂತು. ನಾನು ಎತ್ತಲಿಲ್ಲ. ಆಮೇಲೆ ಬರಲೇ ಇಲ್ಲ.

ಕಳೆದ ತಿಂಗಳು, ಏಜೆನ್ಸಿಗಳ ನಿಯಮ ತಿದ್ದಬೇಕೆಂದು ಸರ್ಕಾರದವರು ದಾವಣಗೆರೆಯಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ ಕರೆದಿದ್ದರು. ನಮ್ಮ ಮಾಲೀಕರು ಎದ್ದು, “ನಿಯಮ ಬಿಗಿ ಮಾಡಿದ್ರೆ ಬಡವರ ಮಕ್ಕಳಿಗೆ ಕೆಲಸ ತಪ್ಪತೈತ್ರಿ,” ಎಂದರು. ಫೈಲು ಹಿಡಿದು ಅವರ ಪಕ್ಕದಲ್ಲೇ ಕೂತಿದ್ದೆ. ಹಿಂದಿನ ಸಾಲಿನಿಂದ ನಿಮ್ಮ ಅಮ್ಮ ಖತೀಜಾಬೀ ಎದ್ದು ನಿಂತರು. “ನನ್ನ ಮಗಳು ಯಾರ ಮನ್ಯಾಗ ಅದಾಳೆ, ಅಷ್ಟಾದ್ರೂ ಹೇಳ್ರಿ ಸಾಹೇಬ್ರೆ.”

ಆ ವಿಳಾಸ ನನ್ನ ತೊಡೆಯ ಮೇಲಿತ್ತು.

ಎದ್ದೆ. “ಆಕೀನ ಕಳ್ಸಿದ್ದು ನಾವೇ ರೀ. ನಮ್ಮ ಹತ್ರ ಲೈಸೆನ್ಸ್ ಇಲ್ಲ. ಕರಾರು ಹೋಗೋರ ಭಾಷೆಯಾಗೆ ಇರ್ಲಿ, ಒಂದು ಪ್ರತಿ ಮನೆಯವರ ಕೈಯಾಗೆ ಇರ್ಲಿ. ಅದನ್ನ ನಿಯಮ ಮಾಡ್ರಿ,” ಎಂದು ಫೈಲನ್ನು ಅಧಿಕಾರಿಯ ಮುಂದಿಟ್ಟೆ. ಕೆಲಸ ಅವತ್ತೇ ಹೋಯಿತು. ಪೊಲೀಸರು ನನ್ನನ್ನೂ ಎರಡು ಸಲ ಕರೆಸಿ ಹೇಳಿಕೆ ಬರೆಸಿಕೊಂಡರು. ನಿಮ್ಮಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರದೇನೂ ತಪ್ಪಿಲ್ಲ.

ಮೊನ್ನೆ ಆ ಅಧಿಕಾರಿ ಫೋನ್ ಮಾಡಿದ್ದರು. ನಿನ್ನನ್ನು ಆ ಮನೆಯಿಂದ ಬಿಡಿಸಿ ರಾಯಭಾರ ಕಚೇರಿಯವರು ಇರಿಸಿಕೊಂಡಿದ್ದಾರಂತೆ, ಕಾಗದಪತ್ರ ಮುಗಿದ ಕೂಡಲೇ ಕಳಿಸುತ್ತಾರಂತೆ. ಕೇಳಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಹೊಸ ನಿಯಮ ಇನ್ನೂ ಕರಡಿನಲ್ಲೇ ಇದೆ. ನನ್ನ ಮಾತು ಅದರಲ್ಲಿ ಸೇರುತ್ತದೋ ಇಲ್ಲವೋ, ತಿಳಿಯದು.

ಕ್ಷಮಿಸು ಎನ್ನಲು ಧೈರ್ಯವಿಲ್ಲ. ನೀನು ಬಂದಿಳಿಯುವ ದಿನ ನಾನೂ ಬರಲೇ ಎಂದು ನಿಮ್ಮಮ್ಮನಿಗೆ ಹೇಳಿ ಕಳಿಸಿದ್ದೆ. “ನನ್ನ ಯಾಕ ಕೇಳ್ತಿ? ಆಕೀನೇ ಕೇಳು,” ಎಂದರಂತೆ.

ಕೇಳುತ್ತಿದ್ದೇನೆ ಹುಮಾ. ಬರಲೇ?

ನೀನು ಬ್ಯಾಡ ಅಂದರೂ ಸರಿ, ಸುಖವಾಗಿ ಮನೆ ಸೇರು.

ನಿನ್ನ
ಅಂಕಿತಾ