ನಮ್ಮ ಕಟ್ಟೆಯ ನಾಗರಕಲ್ಲು

ವರ್ತೂರು,
ಭಾನುವಾರ ಸಂಜೆ

ಟೂರ್ ಕಂಪನಿಯ ಶೀತಲ್ ಮೇಡಂ ಅವರಿಗೆ ನಮಸ್ಕಾರ.

ಒಂದೇ ದಿನದಲ್ಲಿ ಕಾಡು, ಕೆರೆ, ಗುಡಿ ತೋರಿಸುತ್ತೇವೆಂದು ನೀವು ಕಾರಿನಲ್ಲಿ ಕಳಿಸುವ ಜನ ಪ್ರತಿ ವಾರ ನಮ್ಮ ಮನೆ ಮುಂದಿನ ಅರಳಿಕಟ್ಟೆಗೂ ಬರುತ್ತಾರೆ. ಬರಲಿ. ಚಪ್ಪಲಿ ಹಾಕಿಕೊಂಡೇ ಕಟ್ಟೆ ಹತ್ತುತ್ತಾರೆ, ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ನಿಮ್ಮ ಗೈಡ್ ಚರಣನ ಮಾತು.

"ಈ ನಾಗರಕಲ್ಲು ಚೋಳರ ಕಾಲದ್ದು ಸಾರ್. ಸುತ್ತು ಹಾಕಿದವ್ರಿಗೆ ಮಕ್ಕಳಾಗ್ದೆ ಇರೋದೇ ಇಲ್ಲ" ಎನ್ನುತ್ತಾನೆ.

ಮೇಡಂ, ಅದು ಯಾವ ಚೋಳರದ್ದೂ ಅಲ್ಲ. ನಾನು ಸೊಸೆಯಾಗಿ ಬಂದ ಮೇಲೆ ನಮ್ಮತ್ತೆ ಕೆತ್ತಿಸಿದ್ದು. ಆಗ ನಮ್ಮೂರ ಕೆರೆಯಲ್ಲಿ ಈಗಿನ ಈ ಕೊಳಚೆ ನೊರೆ ಇರಲಿಲ್ಲ. ಕಲ್ಲನ್ನು ಅದೇ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಪ್ರತಿಷ್ಠೆ ಮಾಡಿಸಿದರು. ನಾನು ಹಾಕಿದಷ್ಟು ಸುತ್ತು ಅದಕ್ಕೆ ಇನ್ಯಾರೂ ಹಾಕಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ನಾನು, ನಮ್ಮ ಯಜಮಾನರು ಇಬ್ಬರೇ.

ಇದನ್ನೆಲ್ಲ ಚರಣನಿಗೆ ಹೇಳಿದೆ. "ಅಯ್ಯೋ ಬಿಡಜ್ಜಿ, ಬಂದವ್ರಿಗೆ ಏನಾದ್ರೂ ಕಥೆ ಬೇಕಲ್ಲ" ಅಂದ.

ಇವತ್ತು ಒಬ್ಬ ಹೆಣ್ಣುಮಗಳು ಸುಡುವ ಬಿಸಿಲಲ್ಲಿ ಬರಿಗಾಲಲ್ಲಿ ಸುತ್ತು ಹಾಕಿದಳು. ಗಂಡ ಕಾರಿನಿಂದ ಇಳಿಯಲೇ ಇಲ್ಲ. ಮುಗಿಸಿ ಬಂದವಳು ನನ್ನ ಕೈ ಹಿಡಿದುಕೊಂಡು, "ಅಜ್ಜಿ, ನೀವೂ ಇದಕ್ಕೆ ಸುತ್ತು ಹಾಕಿದ್ರಾ? ನಿಮ್ಗೆಷ್ಟು ಮಕ್ಳು?" ಎಂದು ಕೇಳಿದಳು.

"ನಾಕು ಕಣವ್ವ" ಅಂದುಬಿಟ್ಟೆ.

ಆ ಕಥೆ ಹೇಳುವುದನ್ನು ನಿಲ್ಲಿಸಿ. ಇಲ್ಲವಾದರೆ ಕಟ್ಟೆಗೆ ಬೇಲಿ ಹಾಕಿಸುತ್ತೇನೆ. ಅವಳು ಮುಂದಿನ ವಾರ ಮತ್ತೆ ಬರುತ್ತಾಳಂತೆ. ನನ್ನ ಮೊಮ್ಮಕ್ಕಳಿಗೆ ಮಿಠಾಯಿ ತರುತ್ತಾಳಂತೆ.

ಇತಿ,
ಮುನಿವೆಂಕಟಮ್ಮ
ಅರಳಿಕಟ್ಟೆ ಎದುರಿನ ಮನೆ