ನೂರ ಎಪ್ಪತ್ತೊಂದು ಮೆಟ್ಟಿಲು, ನಮ್ಮಮ್ಮನ ಎರಡು ವಯಸ್ಸು

ಹಳೇ ಬಂದರಿನ ದೀಪಸ್ತಂಭದ ಬಾಗಿಲಿಗೆ ಕೆಂಪು ಅಕ್ಷರದ ಬೋರ್ಡು ಹಾಕಿಸಿದ ಮಾನ್ಯ ಅಧಿಕಾರಿಗಳೇ,

ತಮ್ಮ ಬೋರ್ಡು ನಮ್ಮಮ್ಮನನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ. ‘ಅರವತ್ತೈದು ವರ್ಷ ತುಂಬಿದವರಿಗೆ ಪ್ರವೇಶವಿಲ್ಲ’ ಎಂದು ಅದರಲ್ಲಿ ಬರೆಸಿದ್ದೀರಿ. ನೂರ ಎಪ್ಪತ್ತೊಂದು ಮೆಟ್ಟಿಲು ಹತ್ತುವಾಗ ಹಿರಿಯರಿಗೆ ಏನಾದರೂ ಆದೀತು ಎಂಬ ತಮ್ಮ ಕಾಳಜಿಗೆ ಕೈಮುಗಿಯುತ್ತೇನೆ. ಆದರೆ ಆ ಕಾಳಜಿ ಹೋಗಿ ಹೋಗಿ ಯಾರ ತಲೆಯ ಮೇಲೆ ಬಿತ್ತು ಎನ್ನುವುದನ್ನು ತಾವು ಕೇಳಲೇಬೇಕು. ತಮ್ಮ ಕಚೇರಿಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂಬ ಉತ್ತರ ಬಂತು. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ನಮ್ಮ ಮನೆ ಐದನೇ ಮಹಡಿಯಲ್ಲಿದೆ, ಆ ಕಟ್ಟಡದ ಲಿಫ್ಟ್ ನೋಡಿಕೊಳ್ಳುವವನೂ ನಾನೇ. ಅದರಲ್ಲಿ ಎಲ್ಲರೂ ಓಡಾಡುತ್ತಾರೆ, ಅಮ್ಮನೊಬ್ಬಳನ್ನು ಬಿಟ್ಟು. “ನೀನು ಚಿಕ್ಕೋನಿದ್ದಾಗ ಬಿಚ್ಚಿದ ರೇಡಿಯೋ ಇನ್ನೂ ಅಟ್ಟದ ಮೇಲೆ ಡಬ್ಬಿಯಲ್ಲಿದೆ. ಅದನ್ನ ಮೊದಲು ಜೋಡಿಸು, ಆಮೇಲೆ ನಿನ್ನ ಲಿಫ್ಟ್ ಹತ್ತುತೀನಿ” ಅನ್ನುತ್ತಾಳೆ. ಹೀಗೆ ಹನ್ನೊಂದು ವರ್ಷದಿಂದ ತರಕಾರಿ ಚೀಲ ಹಿಡಿದುಕೊಂಡು ದಿನಕ್ಕೆ ಎರಡು ಸಲ ಐದು ಮಹಡಿ ಹತ್ತಿ ಇಳಿಯುತ್ತಿದ್ದಾಳೆ. ಅಕ್ಕಪಕ್ಕದವರೆದುರು ನನ್ನ ಮಾನ ಹರಾಜಾಗುತ್ತದೆ ನಿಜ, ಆದರೆ ಅವಳಿಗೆ ಒಂದು ದಿನವೂ ಉಸಿರು ಹತ್ತಿದ್ದನ್ನು ನಾನು ಕಂಡಿಲ್ಲ. ಇಂಥವಳಿಗೆ ಮೆಟ್ಟಿಲು ಅಪಾಯ ಎಂದು ತಾವು ತೀರ್ಪು ಕೊಟ್ಟಿದ್ದೀರಿ!

ಮೂರು ದಿನ ಸಾಲು ರಜೆ ಸಿಕ್ಕಿತ್ತು. ಅಮ್ಮ, ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ ಹೆಂಡತಿಯ ತಮ್ಮ. ಹೀಗೆ ಐದು ಜನ ಹೊರಟೆವು. ಭಾವಮೈದುನನಿಗೆ ಮನೆಯಲ್ಲಿ ಪೈಲ್ವಾನ ಎಂದೇ ಹೆಸರು. ಬೆಳಗೆದ್ದು ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತುತ್ತಾನೆ, ಎತ್ತಿದ್ದನ್ನು ಸಂಜೆಯವರೆಗೂ ಹೇಳುತ್ತಾನೆ. ಲಾಡ್ಜಿನವರು ‘ಸಮುದ್ರ ಕಾಣುವ ಕೋಣೆ’ ಎಂದು ಕೊಟ್ಟದ್ದು ನಾಲ್ಕನೇ ಮಹಡಿಯಲ್ಲಿತ್ತು. ಯಾರಾದರೂ ಸೊಂಟ ಹಿಡಿದುಕೊಂಡರೆ ಕಿಟಕಿಯಿಂದ ಹೊರಗೆ ಬಾಗಿ ಸಮುದ್ರವನ್ನು ನೋಡಬಹುದಿತ್ತು. ಲಿಫ್ಟ್ ಕೆಟ್ಟು ನಿಂತಿತ್ತು. ರಜೆಯಲ್ಲೂ ನನ್ನ ಹಣೆಬರಹ ನೋಡಿ, ಮ್ಯಾನೇಜರನ ಮುಖ ನೋಡಲಾರದೆ ಮುಕ್ಕಾಲು ಗಂಟೆ ಕೂತು ಅದನ್ನು ಸರಿಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮನೂ ತಟ್ಟಿದಳು, ತಟ್ಟಿ ಮೆಟ್ಟಿಲ ಕಡೆ ನಡೆದಳು.

ಶನಿವಾರ ಊರೆಲ್ಲ ಸುತ್ತಿದೆವು. ಕೋಟೆ ಗೋಡೆ, ಫಿರಂಗಿಗಳು, ಹಡಗಿನ ಸರಕು ತುಂಬಿಡುತ್ತಿದ್ದ ಹಳೇ ಗೋದಾಮುಗಳು, ದೋಣಿಯಲ್ಲಿ ಒಂದು ಸುತ್ತು. ತಮ್ಮ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಆನೆಯಷ್ಟು ದೊಡ್ಡ ಲಂಗರಿದೆ, ಅದರ ಪಕ್ಕ ‘ಎತ್ತಬೇಡಿ’ ಎಂಬ ಫಲಕವಿದೆ. ಪೈಲ್ವಾನ ಅದನ್ನು ಓದಿ ಸ್ವಲ್ಪ ಯೋಚನೆಗೆ ಬಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮ ಮಾತ್ರ ದಿನವಿಡೀ ಕತ್ತು ತಿರುಗಿಸಿ ದೀಪಸ್ತಂಭವನ್ನೇ ಹುಡುಕುತ್ತಿದ್ದಳು. ಯಾವ ಬೀದಿಗೆ ಹೋದರೂ, “ಅಗೋ, ಇಲ್ಲಿಂದಾನೂ ಕಾಣ್ಸುತ್ತೆ” ಅನ್ನುತ್ತಿದ್ದಳು.

ಯಾಕೆಂದರೆ ಅಮ್ಮ ಹುಟ್ಟಿದ್ದೇ ಅದರ ಬುಡದಲ್ಲಿ. ಈಗ ತಾವು ಟಿಕೆಟ್ ಕೊಡುತ್ತಿರುವ ಎರಡು ಕೋಣೆಯ ಮನೆಯಲ್ಲಿ. ನಮ್ಮ ತಾತ ಆ ದೀಪ ಹಚ್ಚುವ ಕೆಲಸದಲ್ಲಿದ್ದರು. ಅಮ್ಮನಿಗೆ ಊಟದ ಡಬ್ಬಿ ತೆಗೆದುಕೊಂಡು ನಲವತ್ತನೇ ಮೆಟ್ಟಿಲಿನ ಮೊದಲ ಕಿಟಕಿಯವರೆಗೆ ಹೋಗಲು ಮಾತ್ರ ಅಪ್ಪಣೆ. ಅಲ್ಲಿಂದ ಮೇಲಕ್ಕೆ ಹನ್ನೆರಡು ತುಂಬಿದ ಮೇಲೆ ಎಂದು ತಾತ ಗೆರೆ ಎಳೆದಿದ್ದರು. ಆದರೆ ಶಾಲೆಯ ದಾಖಲೆಯಲ್ಲಿ ಅವಳಿಗೆ ಎರಡು ವರ್ಷ ಹೆಚ್ಚು ಬರೆಸಿದವರೂ ತಾತನೇ. ನಮ್ಮ ಸೋದರಮಾವ ಒಬ್ಬನೇ ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದು ನೆಲಕ್ಕೆ ಬಿದ್ದು ಹೊರಳಾಡಿದ್ದರಂತೆ. ಅವರಿಗೆ ಜೊತೆಯಾಗಲಿ ಎಂದು ನಾಲ್ಕು ವರ್ಷದ ತಂಗಿಯನ್ನು ಆರು ವರ್ಷದವಳೆಂದು ಸೇರಿಸಿಬಿಟ್ಟರು. ಹತ್ತು ತುಂಬಿದ ದಿನವೇ ಅಮ್ಮ ವಾದ ಹೂಡಿದ್ದಳಂತೆ: “ಅಪ್ಪಾ, ಶಾಲೆ ಲೆಕ್ಕದಲ್ಲಿ ನಂಗೆ ಹನ್ನೆರಡು ಆಯ್ತು. ಕರ್ಕೊಂಡು ಹೋಗು.” ತಾತ ನಕ್ಕು, “ಕಾಗದದ ವಯಸ್ಸು ಶಾಲೆಗೆ ಮಗಳೇ. ಮೆಟ್ಟಿಲಿಗೆ ನಿಜವಾದ ವಯಸ್ಸೇ ಬೇಕು” ಅಂದಿದ್ದರಂತೆ. ಅವಳಿಗೆ ಹನ್ನೊಂದಾದಾಗ ದೀಪಕ್ಕೆ ಯಂತ್ರ ಬಂತು, ತಾತನಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿಗೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಅಮ್ಮ ಎಲ್ಲರಿಗಿಂತ ಮೊದಲೇ ಸಿದ್ಧಳಾಗಿ, ಗಟ್ಟಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೌಂಟರಿನಲ್ಲಿ ಗುರುತಿನ ಚೀಟಿ ಕೇಳಿದರು. ಟಿಕೆಟ್ ಕೊಡುವವರು ಅದನ್ನು ನೋಡಿ ತಲೆ ಕೆರೆದುಕೊಂಡರು.

“ಅಮ್ಮಾ, ನಿಮಗೆ ಅರವತ್ತಾರು ಆಗೋಗಿದೆಯಲ್ಲ.”

“ಅದು ಕಾಗದದ್ದಪ್ಪಾ. ನಿಜವಾಗಿ ಅರವತ್ನಾಲ್ಕು. ಮುಂದಿನ ತಿಂಗಳು ಹತ್ತೊಂಬತ್ತಕ್ಕೆ ಅರವತ್ತೈದು ತುಂಬುತ್ತೆ.”

“ನಂಗೆ ಗೊತ್ತಾಗುತ್ತಮ್ಮ. ಆದ್ರೆ ನಾನು ನೋಡ್ಬೇಕಾಗಿರೋದು ಕಾಗದಾನೇ.”

ಅಮ್ಮ ಚೀಟಿ ವಾಪಸು ತೆಗೆದುಕೊಂಡಳು. ಆಮೇಲೆ ನಕ್ಕುಬಿಟ್ಟಳು. “ನಮ್ಮಪ್ಪ ಇದ್ದಿದ್ರೆ ನಿನ್ನ ಜೊತೆ ಜಗಳ ಆಡ್ತಿದ್ರು ನೋಡು” ಅಂದು, ನಮ್ಮತ್ತ ತಿರುಗಿ, “ನೀವು ಹತ್ತಿ ಬನ್ನಿ, ನಾನಿಲ್ಲೇ ಕೂತಿರ್ತೀನಿ” ಎಂದಳು. ಉಳಿದವರು ಹತ್ತಿದರು. ನಾನು ಕೆಳಗೇ ಉಳಿದು ಟಿಕೆಟಿನವರೊಡನೆ ವಾದಕ್ಕೆ ಇಳಿದೆ. ಪಾಪ, ಅವರದೇನು ತಪ್ಪು? ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡು ಹಿಡಿ ಮುರಿದ ಕುರ್ಚಿಯಲ್ಲಿ ಕೂತಿದ್ದರು. ಒಂಬತ್ತು ವರ್ಷದಿಂದ ಟಿಕೆಟ್ ಕೊಡುತ್ತಿದ್ದಾರೆ, ಒಂದು ದಿನವೂ ಮೇಲೆ ಹತ್ತಿಲ್ಲವಂತೆ.

ಅಷ್ಟರಲ್ಲಿ ಮಗಳು ದಡದಡ ಇಳಿದು ಬಂದಳು. “ಅಪ್ಪಾ, ಮಾವ ತೊಂಬತ್ತಾರನೇ ಮೆಟ್ಟಿಲಲ್ಲಿ ನಿಂತ್ಬಿಟ್ಟಿದ್ದಾನೆ! ಅಲ್ಲಾಡ್ತಾನೇ ಇಲ್ಲ!”

ಓಡಿಹೋಗಿ ನೋಡಿದರೆ ಎರಡನೇ ಕಿಟಕಿಯ ಬಳಿ ಪೈಲ್ವಾನ ಕಂಬಿ ತಬ್ಬಿಕೊಂಡು ನಿಂತಿದ್ದಾನೆ. ಕಿಟಕಿಯಿಂದ ಕೆಳಗೆ ನೋಡಿದ್ದೇ ತಡ, ಹೆದರಿ ಅಲ್ಲೇ ಅಂಟಿಕೊಂಡುಬಿಟ್ಟಿದ್ದ. ಮೆಟ್ಟಿಲು ಒಬ್ಬರು ಹೋಗುವಷ್ಟೇ ಅಗಲ. ಮೇಲಿನವರು ಇಳಿಯುವಂತಿಲ್ಲ, ಕೆಳಗಿನವರು ಹತ್ತುವಂತಿಲ್ಲ. ಮೇಲಿನಿಂದ ನನ್ನ ಹೆಂಡತಿ, “ಏನ್ರೀ, ಅವನನ್ನ ಹಿಡ್ಕೊಳ್ರೀ!” ಎಂದು ಕೂಗುತ್ತಿದ್ದಳು. ಹಿಡಿದುಕೊಳ್ಳಲು ಹೋದೆ, ಅವನೇ ನನ್ನ ಕಾಲರ್ ಹಿಡಿದ. “ಭಾವಾ, ಬಿಡ್ಬೇಡಿ, ದಮ್ಮಯ್ಯ!” ಕಬ್ಬಿಣ ಎತ್ತುವ ಕೈ ಸ್ವಾಮೀ ಅದು. ಕಿಟಕಿಯ ಗೂಡಿಗೆ ಒತ್ತಿಕೊಂಡು ನಿಂತ ನಾನೂ ಅಲ್ಲಾಡದಂತಾದೆ. ನಡುವೆ ಸಿಕ್ಕಿಬಿದ್ದವರನ್ನು ಇಳಿಸುವುದೇ ನನ್ನ ಕಸುಬು, ಆದರೆ ಅವರು ನನ್ನ ಕುತ್ತಿಗೆ ಹಿಡಿದುಕೊಂಡಿರುವುದಿಲ್ಲ.

ಕೆಳಗೆ ಟಿಕೆಟಿನವರು ಎದ್ದು, ಎರಡು ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು ಕೂತರಂತೆ. ಅಮ್ಮ ಎದ್ದಳಂತೆ. ಅವರು ತಡೆಯಲು ಬಾಯಿ ತೆರೆದಾಗ, “ನಾನು ನೋಡೋಕೆ ಹೋಗ್ತಿಲ್ಲಪ್ಪಾ, ಕೆಲಸಕ್ಕೆ ಹೋಗ್ತಿದ್ದೀನಿ” ಎಂದಳಂತೆ.

ಬಂದಳು. ಉಸಿರು ಹತ್ತಿರಲಿಲ್ಲ. ನನ್ನ ಕಾಲರಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. “ಇಲ್ನೋಡು ಮಗಾ. ಕೆಳಗೆ ನೋಡ್ಬೇಡ. ಗೋಡೆ ಕಡೆ ಮುಖ ಮಾಡು, ಕಂಬಿ ಹಿಡ್ಕೊ. ಹಿಂದಕ್ಕೆ ಒಂದು ಕಾಲು ಬಿಡು. ಮೆಟ್ಟಿಲು ಸಿಕ್ತಾ? ಈಗ ಭಾರ ಹಾಕು. ಹಾಂ, ಅಷ್ಟೇ.” ಎಣ್ಣೆ ಡಬ್ಬಿ ಹಿಡಿದ ತಾತ ಹೀಗೆಯೇ ಹಿಮ್ಮುಖವಾಗಿ, ಮೆಟ್ಟಿಲು ಎಣಿಸುತ್ತಾ ಇಳಿಯುತ್ತಿದ್ದರಂತೆ. ಮೊದಲ ಕಿಟಕಿಯಲ್ಲಿ ಊಟದ ಡಬ್ಬಿ ಹಿಡಿದು ಕಾಯುತ್ತಿದ್ದವಳು ಅದನ್ನು ಸಾವಿರ ಸಲ ನೋಡಿದ್ದಾಳೆ.

ಇಳಿಯುವ ಮೊದಲು ಅಮ್ಮ ಒಂದೇ ಸಲ ತಲೆಯೆತ್ತಿ ಮೇಲೆ ನೋಡಿದಳು. ಇನ್ನು ಎಪ್ಪತ್ತೈದು ಮೆಟ್ಟಿಲು. “ನೀನು ಹೋಗಮ್ಮ, ಇವನನ್ನ ನಾನು ಇಳಿಸ್ತೀನಿ” ಎಂದೆ. “ಹೆದರಿದೋನನ್ನ ಬಿಟ್ಟು ಹೋಗ್ತಾರೇನೋ?” ಅಂದಳು. ಅವನ ಹಿಮ್ಮಡಿಗೆ ಕೈ ಕೊಟ್ಟುಕೊಂಡು, ತೊಂಬತ್ತಾರು, ತೊಂಬತ್ತೈದು ಎಂದು ಎಣಿಸುತ್ತಾ ಕೆಳಗಿನವರೆಗೂ ಇಳಿಸಿದಳು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು.

ಟಿಕೆಟಿನವರ ಕಣ್ಣು ಒದ್ದೆಯಾಗಿತ್ತು. “ಈಗ ಹೋಗ್ಬನ್ನಿ ಅಮ್ಮಾ. ನಾನು ಆ ಕಡೆ ತಿರುಗಿಕೊಂಡಿರ್ತೀನಿ” ಅಂದರು. ಅಮ್ಮ ಅವರ ಕೈ ಹಿಡಿದುಕೊಂಡಳು. “ನಿನ್ನ ಮನಸ್ಸು ದೊಡ್ಡದಪ್ಪಾ. ಆದ್ರೆ ನಮ್ಮಪ್ಪ ಹಗಲೂ ರಾತ್ರಿ ದುಡಿದ ಜಾಗಕ್ಕೆ ನಾನು ಕದ್ದು ಹತ್ತಲಾ? ಟಿಕೆಟ್ ಕೊಡು, ಹತ್ತುತೀನಿ.” ಅವರಿಗೆ ಕೊಡಲಾಗಲಿಲ್ಲ. ನಾವು ವಾಪಸು ಬಂದೆವು.

ಈಗ ಹೇಳಿ ಮಾನ್ಯರೇ, ಮೆಟ್ಟಿಲು ಹತ್ತುವುದು ಕಾಲೋ, ಹುಟ್ಟಿದ ತಾರೀಖೋ? ತಮ್ಮ ನಿಯಮ ಮೂವತ್ತೈದರ ಪೈಲ್ವಾನನನ್ನು ನಗುನಗುತ್ತ ಒಳಗೆ ಬಿಟ್ಟಿತು. ಅವನನ್ನು ಇಳಿಸಿ ತಂದದ್ದು ತಮ್ಮ ನಿಯಮ ಹೊರಗೆ ನಿಲ್ಲಿಸಿದವಳು. ಅಂದು ನಿಜವಾದ ವಯಸ್ಸು ಸಾಲದು ಎಂದು ಅವಳ ಅಪ್ಪ ತಡೆದರು. ಇಂದು ಕಾಗದದ ವಯಸ್ಸು ಹೆಚ್ಚಾಯಿತು ಎಂದು ತಾವು ತಡೆದಿರಿ. ಅವರಾದರೂ ಎರಡು ವರ್ಷ ಕಾಯಲು ಹೇಳಿದ್ದರು. ತಾವು ಎಷ್ಟು ಕಾಯಲು ಹೇಳುತ್ತೀರಿ?

ಊರಿಗೆ ಬಂದ ಮೇಲೆ ಅಮ್ಮನದು ಹೊಸ ಅಭ್ಯಾಸ ಶುರುವಾಗಿದೆ. ನಮ್ಮ ಕಟ್ಟಡದಲ್ಲಿ ಮಹಡಿಗೆ ಹತ್ತೊಂಬತ್ತು ಮೆಟ್ಟಿಲು. ಸಂಜೆ ಐದು ಮಹಡಿ ಹತ್ತುತ್ತಾಳೆ, ಇಳಿಯುತ್ತಾಳೆ, ಮತ್ತೆ ನಾಲ್ಕು ಮಹಡಿ ಹತ್ತಿ ನಿಲ್ಲುತ್ತಾಳೆ. ಮಗಳು ಲೆಕ್ಕ ಹಾಕಿ ಹೇಳಿದಳು, ಹತ್ತಿದ್ದು ಸರಿಯಾಗಿ ನೂರ ಎಪ್ಪತ್ತೊಂದು. ಅಲ್ಲಿ ಅವಳೆದುರು ಇರುವುದು ನಾಲ್ಕನೇ ಮಹಡಿಯವರ ಚಪ್ಪಲಿ ಸ್ಟ್ಯಾಂಡು. ಒಂದು ನಿಮಿಷ ಅದನ್ನು ನೋಡುತ್ತಾ ನಿಂತು, ಉಳಿದ ಒಂದು ಮಹಡಿ ಹತ್ತಿ ಮನೆಗೆ ಬರುತ್ತಾಳೆ. ಅವಳು ನೋಡಬೇಕಾದದ್ದು ಸಮುದ್ರ.

ಆದ್ದರಿಂದ ಆ ಸಾಲನ್ನು ಅಳಿಸಿ, ‘ಮೆಟ್ಟಿಲು ನೂರ ಎಪ್ಪತ್ತೊಂದು, ಕೈಲಾದವರು ಹತ್ತಿ’ ಎಂದು ಬರೆಸಿ. ಟಿಕೆಟ್ ಕೊಡುವವರ ಮೇಲೆ ದಯವಿಟ್ಟು ಕೋಪ ಬೇಡ, ಅವರಿಗೊಂದು ಒಳ್ಳೆಯ ಕುರ್ಚಿ ಕೊಡಿಸಿ. ಮುಂದಿನ ತಿಂಗಳು ಹದಿನೆಂಟನೇ ತಾರೀಖು, ಅಮ್ಮನಿಗೆ ನಿಜವಾಗಿ ಅರವತ್ತೈದು ತುಂಬುವ ಹಿಂದಿನ ದಿನ, ಬೆಳಿಗ್ಗೆ ಒಂಬತ್ತಕ್ಕೆ ನಾವು ಬಾಗಿಲಲ್ಲಿರುತ್ತೇವೆ. ನಾಲ್ವರು ಹತ್ತುತ್ತೇವೆ, ಪೈಲ್ವಾನ ಕೆಳಗೆ ಚಪ್ಪಲಿ ಕಾಯುತ್ತಾನಂತೆ. ಅಮ್ಮನ ಕೈಯಲ್ಲಿ ಒಂದು ಟಿಕೆಟ್ ಇರಬೇಕು, ಅಷ್ಟೇ.

ಇಂತಿ,
ಊರಿನ ಲಿಫ್ಟುಗಳನ್ನೆಲ್ಲ ಮೇಲೇರಿಸಿ, ಹೆತ್ತ ತಾಯಿಯನ್ನು ಎಪ್ಪತ್ತೈದು ಮೆಟ್ಟಿಲು ಹತ್ತಿಸಲಾಗದ
ಒಬ್ಬ ಮೆಕ್ಯಾನಿಕ್

(ರೇಡಿಯೋ ಜೋಡಿಸುತ್ತಿದ್ದೇನೆ. ಎರಡು ಸ್ಕ್ರೂ ಉಳಿದಿವೆ. ಅಮ್ಮನಿಗೆ ಹೇಳಬೇಡಿ.)